ಪೊಲೀಸಪ್ಪನ ಎರಡು ವರ್ಷದ ಡಿಗ್ರಿಗೆ ಬೆಲೆ ಎಷ್ಟು?

ಕಳೆದ ಶನಿವಾರ ಬೆಳಿಗ್ಗೆ ಇನ್ನೂ ಕಾಫಿ ಲೋಟ ಕೈಯಲ್ಲೇ ಇತ್ತು, ಬಾಸ್ಟನ್ ಹತ್ತಿರ ಇರುವ ನನ್ನ ಹಳೇ ರೂಂಮೇಟ್ ಫೋನು ಮಾಡಿದ. ಅಲ್ಲಿ ಶುಕ್ರವಾರ ರಾತ್ರಿ. ಸಾಧಾರಣವಾಗಿ ಈ ಹೊತ್ತಿನಲ್ಲಿ ಅವನು ಊರಿನ ಅಡಿಕೆ ರೇಟು ವಿಚಾರಿಸುತ್ತಾನೆ. ಈ ಸಲ ಅದಿಲ್ಲ.

"ನನ್ನ ಮಗ ಪೊಲೀಸ್ ಆಗ್ತಾನಂತೆ ಮಾರಾಯ. ಕಮ್ಯುನಿಟಿ ಕಾಲೇಜಲ್ಲಿ ಕ್ರಿಮಿನಲ್ ಜಸ್ಟಿಸ್ ಓದ್ತಾನಂತೆ. ಎರಡೇ ವರ್ಷ. ಅದಕ್ಕೆ ಏನಾದ್ರೂ ಬೆಲೆ ಇದೆಯೇನೋ?"

ಹುಡುಗನಿಗೆ ಹದಿನೆಂಟು. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅಪ್ಪನ ಲೆಕ್ಕದಲ್ಲಿ ಅವನು ಕಂಪ್ಯೂಟರ್ ಓದಬೇಕು. ಹುಡುಗನ ಲೆಕ್ಕವೇ ಬೇರೆ, ಮತ್ತು ಆ ಲೆಕ್ಕ ಅವನಿಗೆ ಸಿಕ್ಕಿದ್ದು ಪಕ್ಕದ ಮನೆಯ ಪೊಲೀಸಪ್ಪನಿಂದ. ಆತ ಇಪ್ಪತ್ತು ವರ್ಷಕ್ಕೂ ಹೆಚ್ಚು ಸರ್ವೀಸ್ ಆದವನು. "ಆ ಎರಡು ವರ್ಷದ ಕಾಗದ ಕೈಯಲ್ಲಿದ್ದರೆ ಸಂಬಳದ ಮೇಲೆ ಹತ್ತು ಪರ್ಸೆಂಟ್ ಜಾಸ್ತಿ, ರಿಟೈರ್ ಆಗುವವರೆಗೂ" ಅಂತ ಹೇಳಿದ್ದಾನೆ. ಗೆಳೆಯ ಎಂಜಿನಿಯರ್ ಅಲ್ಲವೇ, ಆಗಲೇ ಎಕ್ಸೆಲ್ ಶೀಟ್ ಮಾಡಿಬಿಟ್ಟಿದ್ದ.

ಆ ಪೊಲೀಸಪ್ಪ ಸುಳ್ಳು ಹೇಳಿಲ್ಲ. ಆದರೆ ಅವನು ಹೇಳಿದ ಮಾತಿಗೆ ಒಂದು ತಾರೀಖಿದೆ. ಆ ತಾರೀಖು ಎಲ್ಲಿಂದ ಬಂತು ಅಂತ ಹೇಳಲು ಹೋದರೆ ಸುಮಾರು ನೂರಿಪ್ಪತ್ತು ವರ್ಷದ ಕಥೆ ಹೇಳಬೇಕು. ಫೋನಿನಲ್ಲಿ ಅರ್ಧ ಹೇಳಿದೆ, ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಡೆಯ ಹುಡುಗರು ಹುಡುಗಿಯರು ಯಾರಾದರೂ ಅಲ್ಲಿದ್ದು ಇದೇ ಯೋಚನೆಯಲ್ಲಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಈ ಕಮ್ಯುನಿಟಿ ಕಾಲೇಜು ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹೈಸ್ಕೂಲು (ನಮ್ಮ ಪಿಯುಸಿ ಮಟ್ಟ) ಮುಗಿದ ಮೇಲೆ ಎರಡು ವರ್ಷ ಓದಿ ಸುಮಾರು 60 ಕ್ರೆಡಿಟ್ ಗಳಿಸಿದರೆ ಅಸೋಸಿಯೇಟ್ ಡಿಗ್ರಿ ಕೊಡುವ ಸರ್ಕಾರಿ ಕಾಲೇಜು. ನಮ್ಮ ಡಿಪ್ಲೊಮಾಕ್ಕೂ ಬಿ.ಎ.ಗೂ ನಡುವಿನದು ಅಂದುಕೊಳ್ಳಿ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದನ್ನು ಈ ಜಾತಿಯ ಮೊದಲ ಕಾಲೇಜು ಅನ್ನುತ್ತಾರೆ. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವೊಂದು ಇಂಥ ಕಾಲೇಜುಗಳು ಊರೂರಿಗೂ ಬೇಕು ಅಂದಮೇಲೆ "ಕಮ್ಯುನಿಟಿ ಕಾಲೇಜು" ಅನ್ನುವ ಹೆಸರು ಜನಪ್ರಿಯವಾಯಿತು. ಮನೆಯಿಂದಲೇ ಓಡಾಡಬಹುದು, ಕೆಲಸ ಮಾಡುತ್ತಾ ಸಂಜೆ ಓದಬಹುದು, ಫೀಸು ಕಡಿಮೆ. ಈ ಸಂಜೆ ತರಗತಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇನ್ನು ಪೊಲೀಸರು ಕಾಲೇಜಿಗೆ ಹೋಗಬೇಕು ಅಂತ ಹೇಳಿದ ಮೊದಲಿಗ ಯಾರು? ಹೈಸ್ಕೂಲನ್ನೂ ಮುಗಿಸದ ಒಬ್ಬ ಪೋಸ್ಟ್‌ಮ್ಯಾನ್! ಆಗಸ್ಟ್ ವೋಲ್ಮರ್ ಅಂತ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಊರಿನಲ್ಲಿ ಮನೆ ಮನೆಗೆ ಕಾಗದ ಹಂಚುತ್ತಿದ್ದವನು. 1904ರಲ್ಲಿ ಒಂದು ದಿನ ರೈಲು ವ್ಯಾಗನ್ ಒಂದು ತಾನಾಗಿ ಇಳಿಜಾರಿನಲ್ಲಿ ಉರುಳಿ ಪ್ರಯಾಣಿಕರ ರೈಲಿನ ಕಡೆಗೆ ಹೋಗುತ್ತಿದ್ದಾಗ ಈತ ಅದರ ಮೇಲೆ ಹಾರಿ ಬ್ರೇಕ್ ಹಾಕಿ ನಿಲ್ಲಿಸಿದ. ಊರಿಗೆ ಊರೇ ಹೊಗಳಿತು. ಮರುವರ್ಷ ಊರಿನ ಮಾರ್ಷಲ್ ಹುದ್ದೆಗೆ ಚುನಾವಣೆಗೆ ನಿಂತ, ಗೆದ್ದ. ಆಮೇಲೆ ಅದೇ ಊರಿನ ಪೊಲೀಸ್ ಮುಖ್ಯಸ್ಥನಾದ.

ಆ ಕಾಲದ ಅಮೆರಿಕದ ಪೊಲೀಸರ ಸ್ಥಿತಿ ಹೇಗಿತ್ತು ಅಂದರೆ, ರಾಜಕಾರಣಿಯ ಬಾಲ ಹಿಡಿದವನಿಗೆ ಲಾಠಿ, ಬಾಲ ಬಿಟ್ಟವನಿಗೆ ಮನೆ. ತರಬೇತಿ ಅಂತ ಹೆಸರಿಗೂ ಇರದ ಊರುಗಳೇ ಹೆಚ್ಚು. ವೋಲ್ಮರ್ 1908ರಲ್ಲಿ ತನ್ನ ಠಾಣೆಯವರಿಗಾಗಿ ಒಂದು ಶಾಲೆ ಶುರುಮಾಡಿದ. 1916ರಲ್ಲಿ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಕಿಡ್ ಜೊತೆ ಸೇರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೇ ಬೇಸಿಗೆ ತರಗತಿಗಳನ್ನು ನಡೆಸಿದ. ಅಷ್ಟಕ್ಕೇ ಬಿಡಲಿಲ್ಲ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೇ ಪೊಲೀಸ್ ಕೆಲಸಕ್ಕೆ ಸೇರಿಸಿಕೊಳ್ಳತೊಡಗಿದ. ಹಗಲು ಕ್ಲಾಸು, ರಾತ್ರಿ ಬೀಟು. "ಕಾಲೇಜ್ ಕಾಪ್" ಅಂತ ಜನ ಗೇಲಿ ಮಾಡಿದರು.

ಆ ಗೇಲಿಗೆ ಸಿಕ್ಕಿದವರಲ್ಲಿ ಒಬ್ಬ ವಾಲ್ಟರ್ ಗಾರ್ಡನ್. 1919ರಲ್ಲಿ ಸೇರಿದ, ಬರ್ಕ್‌ಲಿಯ ಮೊದಲ ಕಪ್ಪು ಪೊಲೀಸ್. ಬೀಟು ಮಾಡುತ್ತಲೇ ಕಾನೂನು ಓದಿ ವಕೀಲನಾದ, ಮುಂದೆ ವರ್ಜಿನ್ ಐಲೆಂಡ್ಸ್‌ಗೆ ಗವರ್ನರ್ ಆದ, ಫೆಡರಲ್ ನ್ಯಾಯಾಧೀಶನೂ ಆದ. ಇನ್ನೊಬ್ಬ ಒ.ಡಬ್ಲ್ಯು. ವಿಲ್ಸನ್. 1921ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೇರಿದವನು ವಿಚಿಟಾ ಊರಿನ ಪೊಲೀಸ್ ಮುಖ್ಯಸ್ಥ, ಬರ್ಕ್‌ಲಿಯ ಅಪರಾಧಶಾಸ್ತ್ರ ಶಾಲೆಯ ಡೀನ್, ಕೊನೆಗೆ 1960ರಲ್ಲಿ ಷಿಕಾಗೋ ಪೊಲೀಸರ ದೊಡ್ಡ ಸಾಹೇಬ. ಮೂರನೆಯವನು ಜಾನ್ ಲಾರ್ಸನ್, ಪಿಎಚ್‌ಡಿ ಮಾಡಿ ಪೇದೆಯಾದವನು. 1921ರಲ್ಲಿ ಸುಳ್ಳು ಪತ್ತೆ ಯಂತ್ರ ಮಾಡಿದವನು ಇವನೇ.

ಇವರಿಗೆಲ್ಲ ಓದಿನಿಂದ ಲಾಭವಾಯಿತೇ ಅಂದರೆ ಆಯಿತು. ಆದರೆ ಗಮನಿಸಿ, ಆ ಲಾಭ ಬಂದದ್ದು ಬೀಟು ಬಿಟ್ಟು ಮೇಲಕ್ಕೆ ಹೋದಾಗ. ಬೀದಿಯಲ್ಲೇ ಉಳಿದ ಪೇದೆಗೆ ಡಿಗ್ರಿ ಇದ್ದರೂ ಅದೇ ಸಂಬಳ, ಇಲ್ಲದಿದ್ದರೂ ಅದೇ ಸಂಬಳ. 1930ರಲ್ಲಿ ಸ್ಯಾನ್ ಹೋಸೆಯ ಸ್ಟೇಟ್ ಕಾಲೇಜು ಪೊಲೀಸ್ ಕೋರ್ಸು ಶುರುಮಾಡಿತು. ಅದರ ದಾರಿಯಲ್ಲಿ ಇನ್ನೂ ಹಲವು ಕಾಲೇಜುಗಳು ಬಂದವು. ಮೂವತ್ತು ವರ್ಷ ಇದು ಕ್ಯಾಲಿಫೋರ್ನಿಯಾದ ಒಂದು ವಿಚಿತ್ರ ಹವ್ಯಾಸ ಅನ್ನುವ ಹಾಗೇ ನಡೆಯಿತು. ಯಾಕೆಂದರೆ ಕೊಳ್ಳುವವರು ಇರಲಿಲ್ಲ. ಡಿಗ್ರಿ ಕೇಳುವ ಪೊಲೀಸ್ ಇಲಾಖೆ ಇಲ್ಲ, ಡಿಗ್ರಿಗೆ ದುಡ್ಡು ಕೊಡುವ ಊರು ಇಲ್ಲ. ಸರಕು ಇದೆ, ಸಂತೆ ಇಲ್ಲ.

ಸಂತೆ ಕಟ್ಟಿದ್ದು ಸರ್ಕಾರ. ಅದು ಆದದ್ದು ಗಲಭೆಗಳಿಂದ.

1965ರಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಹೊತ್ತಿ ಉರಿಯಿತು. 1967ರ ಬೇಸಿಗೆಯಲ್ಲಿ ನ್ಯೂಅರ್ಕ್, ಡೆಟ್ರಾಯಿಟ್. ಎರಡೂ ಕಡೆಯ ದೊಡ್ಡ ದೂರು ಪೊಲೀಸರ ಮೇಲೇ. ಅಧ್ಯಕ್ಷ ಜಾನ್ಸನ್ 1965ರಲ್ಲಿ ನೇಮಿಸಿದ್ದ ಆಯೋಗ 1967ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಅದರಲ್ಲಿ ಒಂದು ಶಿಫಾರಸು: ಬಂಧಿಸುವ ಅಧಿಕಾರ ಇರುವ ಪ್ರತಿಯೊಬ್ಬ ಪೊಲೀಸನಿಗೂ ಕೊನೆಗೆ ನಾಲ್ಕು ವರ್ಷದ ಪದವಿ ಇರಬೇಕು, ಅದೇ ಗುರಿ. 1968ರಲ್ಲಿ ಕಾನೂನಾಯಿತು, ಅದರಡಿ ಎಲ್.ಇ.ಇ.ಪಿ. ಅನ್ನುವ ಯೋಜನೆ ಬಂತು. ಅಲ್ಲಿನವರು "ಲೀಪ್" ಅನ್ನುತ್ತಿದ್ದರು, ಜಿಗಿತ ಅಂತ. ಹೆಸರಿಗೆ ತಕ್ಕ ಹಾಗೇ ಜಿಗಿಯಿತು.

ಯೋಜನೆ ಹೀಗೆ. ಪೊಲೀಸ್ ಆಗಬೇಕೆಂದು ಓದುವವನಿಗೆ ವರ್ಷಕ್ಕೆ 1800 ಡಾಲರ್ ತನಕ ಸಾಲ. ಓದು ಮುಗಿದು ಕೆಲಸಕ್ಕೆ ಸೇರಿದರೆ ಒಂದೊಂದು ವರ್ಷದ ಸೇವೆಗೆ ಸಾಲದ ಕಾಲು ಭಾಗ ಮಾಫಿ. ನಾಲ್ಕು ವರ್ಷ ಯೂನಿಫಾರ್ಮ್ ಹಾಕಿದರೆ ಸಾಲವೇ ಇಲ್ಲ. ಆಗಲೇ ಕೆಲಸದಲ್ಲಿರುವವನಿಗೆ ಒಂದು ಸೆಮಿಸ್ಟರ್‌ಗೆ 300 ಡಾಲರ್ ತನಕ ಫೀಸು ಪುಕ್ಕಟೆ. ಸೈನ್ಯದಿಂದ ಬಂದವನಾದರೆ ಜಿ.ಐ. ಬಿಲ್ ದುಡ್ಡು ಬೇರೆ. 1969ರಲ್ಲಿ ಇದಕ್ಕೆ ಇಟ್ಟದ್ದು ಅರುವತ್ತೈದು ಲಕ್ಷ ಡಾಲರ್. ಕೆಲವೇ ವರ್ಷಗಳಲ್ಲಿ ಅದು ನಾಲ್ಕು ಕೋಟಿ ಡಾಲರ್ ಆಯಿತು.

ಇಷ್ಟು ದುಡ್ಡು ಹರಿದರೆ ಕಾಲೇಜುಗಳು ಸುಮ್ಮನಿರುತ್ತವೆಯೇ? 1966-67ರಲ್ಲಿ ದೇಶದಲ್ಲಿ ಪೊಲೀಸ್ ವಿಷಯದ ಎರಡು ವರ್ಷದ ಕೋರ್ಸುಗಳು 150 ಚಿಲ್ಲರೆ ಇದ್ದವು. 1975-76ರ ಹೊತ್ತಿಗೆ 700 ದಾಟಿದವು. ನಮ್ಮಲ್ಲಿ ಒಂದು ಕಾಲದಲ್ಲಿ ಬೀದಿಗೊಂದು ಎಂಜಿನಿಯರಿಂಗ್ ಕಾಲೇಜು, ಆಮೇಲೆ ಬೀದಿಗೊಂದು ಬಿ.ಎಡ್. ಕಾಲೇಜು ಎದ್ದವಲ್ಲ, ಹಾಗೇ. ಇಲ್ಲೇ ಸಂಜೆ ತರಗತಿ ಕೆಲಸಕ್ಕೆ ಬಂದದ್ದು. ಶಿಫ್ಟ್ ಮುಗಿಸಿದ ಪೊಲೀಸ್ ಅದೇ ಬೂಟಿನಲ್ಲಿ ಕ್ಲಾಸಿಗೆ ಬಂದು ಕೂರುತ್ತಿದ್ದ. ಪಾಠ ಮಾಡುತ್ತಿದ್ದವರು ಎಷ್ಟೋ ಕಡೆ ನಿವೃತ್ತ ಪೊಲೀಸರೇ. ಪಠ್ಯ ಅಂದರೆ ತಮ್ಮ ಸರ್ವೀಸಿನ ಕಥೆ!

1978ರಲ್ಲಿ ಲಾರೆನ್ಸ್ ಶರ್ಮನ್ ಮತ್ತು ಪೊಲೀಸ್ ಶಿಕ್ಷಣದ ರಾಷ್ಟ್ರೀಯ ಆಯೋಗ ಸೇರಿ ಒಂದು ವರದಿ ಹೊರತಂದರು. ಚಾಟಿ ಬೀಸಿದ ಹಾಗಿತ್ತು. ಇದು ಶಿಕ್ಷಣವಲ್ಲ, ಅಕಾಡೆಮಿಯಲ್ಲಿ ಕೊಡುವ ತರಬೇತಿಗೇ ಕಾಲೇಜಿನ ಹೆಸರು ಅಂಟಿಸಿದ್ದು ಅನ್ನುವುದು ಅದರ ಸಾರ. ಪೊಲೀಸ್ ವಿಷಯಕ್ಕೆಂದೇ ಇರುವ, ಅಲ್ಲಿಗೇ ಮುಗಿದುಹೋಗುವ ಎರಡು ವರ್ಷದ ಕೋರ್ಸುಗಳನ್ನು ಕಮ್ಯುನಿಟಿ ಕಾಲೇಜುಗಳು ಕ್ರಮೇಣ ನಿಲ್ಲಿಸಬೇಕು ಅಂತ ಶಿಫಾರಸು ಮಾಡಿದರು. ನಿಂತವೇ? ಇಲ್ಲ. 1980ರ ದಶಕದ ಆರಂಭದಲ್ಲಿ ನಿಂತದ್ದು ಕೇಂದ್ರದ ದುಡ್ಡು. ಕೋರ್ಸುಗಳು ಹಾಗೇ ಉಳಿದವು. ಕಟ್ಟಿದ ಸಂತೆಯಲ್ಲಿ ಅಂಗಡಿ ಹಾಕಿದವನು ಸುಲಭಕ್ಕೆ ಏಳುವುದಿಲ್ಲ.

ಹೋಗಲಿ, ಈಗ ನಮ್ಮ ಪಕ್ಕದ ಮನೆ ಪೊಲೀಸಪ್ಪನ ಹತ್ತು ಪರ್ಸೆಂಟಿಗೆ ಬರೋಣ.

ಮ್ಯಾಸಚೂಸೆಟ್ಸ್ ರಾಜ್ಯ 1970ರಲ್ಲಿ ಒಂದು ಕಾನೂನು ಮಾಡಿತು. ರಾಬರ್ಟ್ ಕ್ವಿನ್ ಅನ್ನುವ ರಾಜಕಾರಣಿಯ ಹೆಸರಿನಲ್ಲಿ ಎಲ್ಲರೂ ಅದನ್ನು "ಕ್ವಿನ್ ಬಿಲ್" ಅಂತಲೇ ಕರೆಯುತ್ತಾರೆ. ಕ್ರಿಮಿನಲ್ ಜಸ್ಟಿಸ್‌ನಲ್ಲಿ ಅಸೋಸಿಯೇಟ್ ಡಿಗ್ರಿ ಇದ್ದರೆ ಮೂಲವೇತನದ ಮೇಲೆ ಶೇ. 10, ನಾಲ್ಕು ವರ್ಷದ ಪದವಿಗೆ ಶೇ. 20, ಮಾಸ್ಟರ್ಸ್ ಅಥವಾ ಕಾನೂನು ಪದವಿಗೆ ಶೇ. 25. ಕಾನೂನನ್ನು ಒಪ್ಪಿಕೊಂಡ ಊರುಗಳಲ್ಲಿ ಮಾತ್ರ. ಖರ್ಚಿನಲ್ಲಿ ಅರ್ಧ ಊರಿನದು, ಅರ್ಧ ರಾಜ್ಯದ್ದು. ಇತಿಹಾಸವನ್ನೋ ಗಣಿತವನ್ನೋ ಓದಿ ಪೊಲೀಸ್ ಆದವನಿಗೆ ಇದು ಸಿಗುತ್ತಿರಲಿಲ್ಲ. ಈ ವಿಷಯವನ್ನೇ ಓದಬೇಕು.

ಇದರ ಅರ್ಥ ಲೆಕ್ಕ ಹಾಕಿದರೇ ಗೊತ್ತಾಗುವುದು. ಸುಮ್ಮನೆ ಮೂಲವೇತನ 60 ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. ಎರಡು ವರ್ಷದ ಕಾಗದಕ್ಕೆ ವರ್ಷಕ್ಕೆ 6 ಸಾವಿರ. ಸಂಬಳ ಒಂದು ಪೈಸೆಯೂ ಏರದಿದ್ದರೂ ಮೂವತ್ತು ವರ್ಷಕ್ಕೆ 1 ಲಕ್ಷ 80 ಸಾವಿರ. ಮೇಲಾಗಿ ಪಿಂಚಣಿ ಲೆಕ್ಕ ಹಾಕುವಾಗ ಈ ಹೆಚ್ಚುವರಿಯೂ ಸಂಬಳದ ಭಾಗವೇ. ಕಡಿಮೆ ಫೀಸಿನ ಕೋರ್ಸಿಗೆ ಇಷ್ಟು ಫಲ ಕೊಡುವ ಶೇರು ಯಾವುದಾದರೂ ಇದ್ದರೆ ನನಗೂ ಹೇಳಿ.

ಫಲ ಇಷ್ಟಿದ್ದ ಮೇಲೆ ಅಡ್ಡದಾರಿಯೂ ಇರಲೇಬೇಕಲ್ಲ. ಪೊಲೀಸರಿಗೆಂದೇ ಹಗುರ ಮಾಡಿದ ಕೋರ್ಸುಗಳು ಬಂದವು, ಬೇಗ ಬೇಗ ಡಿಗ್ರಿ ಕೈಗಿಡುವ ಕಾಲೇಜುಗಳ ಮೇಲೆ ಪತ್ರಿಕೆಗಳು ಬರೆದವು. 2000ದ ದಶಕದ ಆರಂಭದಲ್ಲಿ ರಾಜ್ಯದ ಉನ್ನತ ಶಿಕ್ಷಣ ಮಂಡಳಿ ಯಾವ ಕೋರ್ಸಿಗೆ ಈ ಲಾಭ ಸಿಗಬೇಕು ಅನ್ನುವ ನಿಯಮವನ್ನು ಬಿಗಿ ಮಾಡಬೇಕಾಯಿತು. ನನ್ನ ಅಭಿಪ್ರಾಯ ಕೇಳಿದರೆ ತಪ್ಪು ಪೊಲೀಸರದ್ದಲ್ಲ. ಕಾಗದಕ್ಕೆ ದುಡ್ಡು ಅಂತ ಕಾನೂನು ಹೇಳಿದರೆ ಜನ ಕಾಗದ ತರುತ್ತಾರೆ. ಪಾಠಕ್ಕೆ ದುಡ್ಡು ಅಂತ ಅದು ಹೇಳಿರಲಿಲ್ಲ.

ಆಮೇಲೆ ಬಂತು 2008ರ ಆರ್ಥಿಕ ಕುಸಿತ. ರಾಜ್ಯದ ಖಜಾನೆ ಖಾಲಿ. 2009ರ ಜುಲೈ ನಂತರ ಕೆಲಸಕ್ಕೆ ಸೇರಿದವರಿಗೆ ಕ್ವಿನ್ ಬಿಲ್ ಇಲ್ಲ ಅಂತ ಬಾಗಿಲು ಹಾಕಿದರು. ರಾಜ್ಯ ತನ್ನ ಅರ್ಧ ಪಾಲನ್ನೂ ಕಡಿತ ಮಾಡುತ್ತಾ ಬಂದು ನಿಲ್ಲಿಸಿತು. ಹಾಗಾದರೆ ಆ ಅರ್ಧ ಯಾರು ಕೊಡಬೇಕು? ಬಾಸ್ಟನ್ ಪೊಲೀಸರು ನಗರದ ಮೇಲೆ ಕೋರ್ಟಿಗೆ ಹೋದರು. 2012ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು: ನಗರ ತನ್ನ ಅರ್ಧ ಕೊಟ್ಟರೆ ಸಾಕು, ರಾಜ್ಯ ಬಿಟ್ಟ ಪಾಲನ್ನು ತುಂಬಬೇಕಿಲ್ಲ. ಅದೇ ಡಿಗ್ರಿ, ಅದೇ ಪೊಲೀಸ್, ಅದೇ ಬೀದಿ... ಕಾಗದದ ಬೆಲೆ ಅರ್ಧ. ಕೆಲವು ಊರುಗಳು ಹೊಸಬರಿಗೂ ಯೂನಿಯನ್ ಜೊತೆಗಿನ ಒಪ್ಪಂದದಲ್ಲಿ ಓದಿನ ಭತ್ಯೆ ಅಂತ ಏನಾದರೂ ಕೊಡುತ್ತವೆ, ಆದರೆ ಅದು ಊರಿಂದ ಊರಿಗೆ ಬೇರೆ.

ಗೆಳೆಯನಿಗೆ ನಾನು ಹೇಳಿದ ತಾರೀಖು ಇದೇ. ಪಕ್ಕದ ಮನೆಯವನು ಆ ಬಾಗಿಲು ಹಾಕುವ ಮೊದಲೇ ಒಳಗೆ ಹೋದವನು. ಅವನ ಸಂಬಳದ ಚೀಟಿಯಲ್ಲಿರುವುದು ನಿಜ, ನಿನ್ನ ಮಗನ ಚೀಟಿಯಲ್ಲೂ ಅದು ಇರುತ್ತೆ ಅಂತ ನಂಬಿ ಕೂರಬೇಡ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಎಕ್ಸೆಲ್ ಶೀಟಿನ ಒಂದು ಕಾಲಂ ಅಳಿಸುತ್ತಿದ್ದ ಅಂತ ಕಾಣುತ್ತೆ.

"ಹಾಗಾದ್ರೆ ಬೆಲೆಯೇ ಇಲ್ಲ ಅನ್ನು" ಅಂದ, ಸ್ವಲ್ಪ ಖುಷಿಯಲ್ಲೇ.

ಹಾಗೂ ಅಲ್ಲ. ಬೇರೆ ರಾಜ್ಯಗಳನ್ನು ನೋಡಿ. ಮಿನೆಸೋಟಾದಲ್ಲಿ ಪೊಲೀಸ್ ಲೈಸೆನ್ಸ್ ಕೊಡುವ ಮಂಡಳಿ 1977ರಲ್ಲಿ ಬಂತು, ಅಲ್ಲಿ ಎರಡು ವರ್ಷದ ಡಿಗ್ರಿ ಬೇಕೇ ಬೇಕು. ಅಂದರೆ ಅಲ್ಲಿ ಈ ಕಾಗದಕ್ಕೆ ಹತ್ತು ಪರ್ಸೆಂಟಿನ ಬೆಲೆಯಲ್ಲ, ಇಡೀ ನೌಕರಿಯ ಬೆಲೆ. ಡಲ್ಲಾಸ್‌ನಲ್ಲಿ 45 ಕ್ರೆಡಿಟ್ ಬೇಕು ಅನ್ನುವ ನಿಯಮವನ್ನು ಪ್ರಶ್ನಿಸಿ ಕೇಸು ಹಾಕಿದಾಗ 1985ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಆದರೆ ದೇಶದ ಒಟ್ಟು ಚಿತ್ರ ಬೇರೆ. ನ್ಯಾಯ ಇಲಾಖೆಯ 2013ರ ಸಮೀಕ್ಷೆಯ ಪ್ರಕಾರ ಊರುಗಳ ಪೊಲೀಸ್ ಇಲಾಖೆಗಳಲ್ಲಿ ಎರಡು ವರ್ಷದ ಡಿಗ್ರಿ ಕೇಳುತ್ತಿದ್ದವು ಶೇ. 10ರಷ್ಟು, ನಾಲ್ಕು ವರ್ಷದ್ದು ಕೇಳುತ್ತಿದ್ದವು ಶೇ. 1. ಉಳಿದ ಬಹುಪಾಲಿಗೆ ಹೈಸ್ಕೂಲು ಸಾಕು. 1967ರ ಆಯೋಗದ ಕನಸು ಅಲ್ಲಿಗೆ ನಿಂತಿದೆ. (ನಮ್ಮ ಕರ್ನಾಟಕದಲ್ಲೂ ಕಾನ್‌ಸ್ಟೇಬಲ್‌ಗೆ ಪಿಯುಸಿ, ಸಬ್ ಇನ್ಸ್‌ಪೆಕ್ಟರ್‌ಗೆ ಯಾವುದಾದರೂ ಡಿಗ್ರಿ. ಒಂದೇ ವ್ಯತ್ಯಾಸ, ಅಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ನೇರವಾಗಿ ಸೇರುವ ಹಾಗಿಲ್ಲ, ಎಲ್ಲರೂ ಬೀಟಿನಿಂದಲೇ ಶುರು ಮಾಡಬೇಕು.)

ಇತ್ತೀಚೆಗಂತೂ ಗಾಳಿ ಹಿಂದಕ್ಕೇ ಬೀಸುತ್ತಿದೆ. ಪೊಲೀಸ್ ಕೆಲಸಕ್ಕೆ ಜನ ಸಿಗುತ್ತಿಲ್ಲ. ನ್ಯೂಯಾರ್ಕ್ ನಗರ 60 ಕ್ರೆಡಿಟ್ ಕೇಳುತ್ತಿತ್ತು, ಸರಿಯಾಗಿ ಒಂದು ಅಸೋಸಿಯೇಟ್ ಡಿಗ್ರಿಯಷ್ಟು. 2025ರ ಫೆಬ್ರವರಿಯಲ್ಲಿ ಅದನ್ನು 24ಕ್ಕೆ ಇಳಿಸಿತು. ಹಿಂದಿನ ವರ್ಷವಷ್ಟೇ ಎರಡು ವರ್ಷ ಓದಿ ಮುಗಿಸಿದವನ ಹೊಟ್ಟೆ ಎಷ್ಟು ಉರಿದಿರಬೇಡ!

ಇನ್ನೊಂದು ಅಪಾಯ ಇದೆ, ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಇದೇ ವಿಷಯವನ್ನು ಲಾಭಕ್ಕಾಗಿ ನಡೆಸುವ ಖಾಸಗಿ ಕಾಲೇಜುಗಳೂ ಮಾರಿದವು. 2012ರಲ್ಲಿ ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ವೆಸ್ಟ್‌ವುಡ್ ಕಾಲೇಜಿನ ಮೇಲೆ ಹೂಡಿದ ಮೊಕದ್ದಮೆ ಕ್ರಿಮಿನಲ್ ಜಸ್ಟಿಸ್ ಕೋರ್ಸಿನ ಬಗ್ಗೆಯೇ. ಆರೋಪ ಏನೆಂದರೆ, ಇಲ್ಲಿ ಓದಿದರೆ ರಾಜ್ಯ ಪೊಲೀಸ್ ಆಗಬಹುದು ಅಂತ ನಂಬಿಸಿ ಸೇರಿಸಿಕೊಂಡರು, ಆದರೆ ಆ ಕಾಲೇಜಿಗೆ ಬೇಕಾದ ಮಾನ್ಯತೆ ಇಲ್ಲದ್ದರಿಂದ ಪೊಲೀಸ್ ಇಲಾಖೆಗಳು ಅದರ ಕ್ರೆಡಿಟ್ ಒಪ್ಪುತ್ತಿರಲಿಲ್ಲ. ಕೋರ್ಸಿನ ಖರ್ಚು 70 ಸಾವಿರ ಡಾಲರ್‌ಗೂ ಮೇಲೆ. ಸಾಲ ಮಾಡಿ ಓದಿದ ಮಕ್ಕಳು ಕೊನೆಗೆ ಸಿಕ್ಕ ಕೆಲಸಕ್ಕೆ ಸೇರಿದರು. 2022ರಲ್ಲಿ ಕೇಂದ್ರ ಸರ್ಕಾರ ಆ ಕಾಲೇಜಿನ ಸುಮಾರು 79 ಸಾವಿರ ವಿದ್ಯಾರ್ಥಿಗಳ 150 ಕೋಟಿ ಡಾಲರ್ ಸಾಲ ಮನ್ನಾ ಮಾಡಿತು. ಕಾಲೇಜು ಆಗಲೇ ಬಾಗಿಲು ಹಾಕಿಯಾಗಿತ್ತು. ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಈ ಭಯ ಇಲ್ಲ. ಅಲ್ಲಿ ವರ್ಷದ ಫೀಸು ದೇಶದ ಸರಾಸರಿಯಲ್ಲಿ 4 ಸಾವಿರ ಡಾಲರ್ ಆಸುಪಾಸು.

ಹಾಗಾದರೆ ಹುಡುಗನಿಗೆ ಏನು ಹೇಳುವುದು? 2024ರ ಸರ್ಕಾರಿ ಅಂಕಿಗಳಲ್ಲಿ ಪೊಲೀಸರು ಮತ್ತು ಪತ್ತೇದಾರರ ನಡುಮಟ್ಟದ ವರಮಾನ ವರ್ಷಕ್ಕೆ ಸುಮಾರು 77 ಸಾವಿರ ಡಾಲರ್, ಜೈಲು ಕಾವಲಿನವರದ್ದು ಸುಮಾರು 58 ಸಾವಿರ, ಖಾಸಗಿ ಸೆಕ್ಯುರಿಟಿ ಗಾರ್ಡುಗಳದ್ದು 38 ಸಾವಿರದ ಆಸುಪಾಸು. ಎರಡು ವರ್ಷದ ಅದೇ ಡಿಗ್ರಿ ಹಿಡಿದುಕೊಂಡು ಈ ಮೂರರಲ್ಲಿ ಯಾವುದಕ್ಕೆ ಬೇಕಾದರೂ ಹೋಗಿ ಸೇರಬಹುದು. ಯಾವುದಕ್ಕೆ ಸೇರುತ್ತಾನೆ ಅನ್ನುವುದನ್ನು ಹೆಚ್ಚಿನ ಕಡೆ ತೀರ್ಮಾನ ಮಾಡುವುದು ಡಿಗ್ರಿಯಲ್ಲ, ನೇಮಕಾತಿ ಪರೀಕ್ಷೆ, ದೇಹದಾರ್ಢ್ಯ, ಹಿನ್ನೆಲೆ ತನಿಖೆ. ಪೊಲೀಸ್ ಕೆಲಸ ಸಿಗದೇ ಹೋದರೆ ಕೈಯಲ್ಲಿ ಉಳಿಯುವುದು ಆ 60 ಕ್ರೆಡಿಟ್. ಅವು ನಾಲ್ಕು ವರ್ಷದ ಪದವಿಗೆ ಸೇರಿಕೊಳ್ಳುತ್ತವೆಯೇ ಇಲ್ಲವೇ ಅನ್ನುವುದೇ ನನ್ನ ಪ್ರಕಾರ ಈಗಿನ ಅಸಲಿ ಬೆಲೆ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಕ್ರೆಡಿಟ್ ವರ್ಗಾಯಿಸುವ ವ್ಯವಸ್ಥೆ ಇದೆ. ಸೇರುವ ಮೊದಲೇ ಯಾವ ಕೋರ್ಸು ಎಲ್ಲಿಗೆ ವರ್ಗವಾಗುತ್ತೆ ಅಂತ ಬರವಣಿಗೆಯಲ್ಲಿ ಕೇಳು ಅಂದೆ. ಲೆಕ್ಕಶಾಸ್ತ್ರವೋ ಕಂಪ್ಯೂಟರೋ ಒಂದೆರಡು ವಿಷಯ ಜೊತೆಗೆ ತೆಗೆದುಕೊಳ್ಳಲಿ ಅಂತಲೂ ಅಂದೆ. ಈಗಿನ ವಂಚನೆ ಪ್ರಕರಣಗಳೆಲ್ಲ ಅಲ್ಲೇ ಇರುವುದು.

ಇನ್ನೊಂದು ವಿಷಯ ಗೆಳೆಯನಿಗೆ ಗೊತ್ತೇ ಇರಲಿಲ್ಲ. 2024ರಿಂದ ಆ ರಾಜ್ಯದ ನಿವಾಸಿಗಳಿಗೆ, ಡಿಗ್ರಿ ಇಲ್ಲದವರಿಗೆ, ಕಮ್ಯುನಿಟಿ ಕಾಲೇಜಿನ ಫೀಸು ಸೊನ್ನೆ. ಅಪ್ಪನ ಸಂಬಳ ಎಷ್ಟೇ ಇರಲಿ. ಇದನ್ನು ಹೇಳಿದ್ದೇ ತಡ, ಹಿಂದಿನಿಂದ ಹುಡುಗನ ದನಿ ಕೇಳಿಸಿತು. ಸ್ಪೀಕರ್ ಹಾಕಿದ್ದರಂತೆ, ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದ.

"ಅಂಕಲ್, ಬುಕ್ಸ್ ಕೂಡ ಫ್ರೀನಾ?"

ಪುಸ್ತಕದ ಭತ್ಯೆ ಆದಾಯ ಕಡಿಮೆ ಇರುವ ಮನೆಗಳಿಗೆ ಮಾತ್ರ ಕಣಪ್ಪ, ನಿಮ್ಮಪ್ಪನ ಸಂಬಳಕ್ಕೆ ಸಿಗಲ್ಲ ಅಂದೆ. "ಸರಿ ಬಿಡು, ಪುಸ್ತಕ ನಾನು ಕೊಡಿಸ್ತೀನಿ" ಅಂತ ಗೆಳೆಯ ಗೊಣಗಿದ. ಆಮೇಲೆ ಅಡಿಕೆ ರೇಟು ಕೇಳಿದ.